ಗುರುದೇವಿ ಕತ್ತರಿಸಿದ ಗೇಟು

ಸಿಟ್ಟು ಬಂದರೆ ಗುರುದೇವಿಗೆ ಮೊದಲು ಕಿವಿ ಬಿಸಿಯಾಗುತ್ತಿತ್ತು. ಗೋವಿಂದರಾಜನಗರದ ಮುನಿರಾಜುವಿನ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕಳೆದ ಎರಡು ವರ್ಷ ಅದು ಆರಿದ್ದೇ ಕಡಿಮೆ. ಬೀಳಗಿ ಕಡೆಯಿಂದ ಗಂಡನ ಜೊತೆ ಬಂದವಳು. ಅಂಗಡಿಯಲ್ಲಿ ಅವಳ ಕೆಲಸ ಕಬ್ಬಿಣದ ಪುಡಿ ಗುಡಿಸುವುದು, ತಯಾರಾದ ಗೇಟುಗಳಿಗೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಣ್ಣ ಬಳಿಯುವುದು. ಪೈಪು ಕಟಿಂಗ್ ಕಲಿಸಿ ಎಂದು ಕೇಳಿದಾಗ ಮುನಿರಾಜು, "ಸೆರಗು ಮಷಿನ್‌ಗೆ ಸಿಕ್ಕಾಕ್ಕೊಂಡ್ರೆ ಯಾರಮ್ಮಾ ಜವಾಬ್ದಾರಿ?" ಅಂದ. ಮಾರನೇ ದಿನ ಅವಳು ಗಂಡನ ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟು ಬಂದಳು. "ಪ್ಯಾಂಟ್ ಹಾಕಿದ್ರೆ ಕೆಲ್ಸ ಬಂದ್ಬಿಡುತ್ತಾ?" ಎಂದು ನಕ್ಕ.

ಆ ನಗು ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮಧ್ಯಾಹ್ನ ಮುನಿರಾಜು ಊಟಕ್ಕೆ ಹೋದರೆ ಇವಳು ಊಟದ ಡಬ್ಬಿ ಪಕ್ಕಕ್ಕಿಟ್ಟು ಗುಜರಿ ಪೈಪು ಎತ್ತಿಕೊಳ್ಳುತ್ತಿದ್ದಳು. ಹಳೇ ಕೆಲಸಗಾರ ಸೀನ ಕಂಡೂ ಕಾಣದಂತಿರುತ್ತಿದ್ದ. ಅವಳು ಕತ್ತರಿಸಿ ಕೂಡಿಸಿದ ಮೊದಲ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು. ಪೈಪನ್ನು ನೆಲಕ್ಕೆ ಬಡಿದಳು. ಬ್ಲೇಡು ತನ್ನ ದಪ್ಪದಷ್ಟು ಕಬ್ಬಿಣ ತಿನ್ನುತ್ತದೆ, ಅದನ್ನು ಅಳತೆಯ ಗೆರೆಯ ಮೇಲಲ್ಲ, ಗೆರೆಯಾಚೆ ಇಡಬೇಕು ಎಂದು ತಿಳಿಯಲು ತಿಂಗಳು ಹಿಡಿಯಿತು. ಯಾರಾದರೂ ಹೇಳಿಕೊಟ್ಟಿದ್ದರೆ ಅದು ಒಂದು ನಿಮಿಷದ ಪಾಠ.

ಹೀಗಿರುವಾಗ ಆರ್‌ಪಿಸಿ ಲೇಔಟಿನ ಅನಂತಲಕ್ಷ್ಮಿ ಎಂಬವರು ತಮ್ಮ ಮನೆಗೆ ಗೇಟು ಮಾಡಿಕೊಡಲು ಹೇಳಿದರು. ಅಳತೆಗೆ ಹೋದಾಗ ಸೀನನೂ ಜೊತೆಗಿದ್ದ; ಟೇಪಿನ ತುದಿ ಹಿಡಿದವಳು ಗುರುದೇವಿ. ಮುನಿರಾಜು ಕಂಬಗಳ ನಡುವೆ ಮೇಲುಗಡೆ ಮಾತ್ರ ಅಳೆದು ಟೇಪು ಸುತ್ತಿಕೊಂಡ. "ಕೆಳಗೂ ಒಮ್ಮೆ ಅಳೀರಿ, ಕಂಬ ಹೊರಗ ವಾಲೈತಿ," ಅಂದಳು. "ಗೊತ್ತು, ಬಾಮ್ಮಾ," ಎಂದು ಅವನು ಗಾಡಿ ಹತ್ತಿದ.

ವಾರದ ನಂತರ ಗೇಟು ತಂದು ನಿಲ್ಲಿಸಿದರೆ ಕೆಳಗಡೆ ಒಳಕ್ಕೇ ಹೋಗಲಿಲ್ಲ. ಅನಂತಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮುನಿರಾಜು ಒಂದು ಕ್ಷಣವೂ ಯೋಚಿಸದೆ, "ಟೇಪ್ ಹಿಡ್ದಿದ್ದು ಇವಳು ಮೇಡಂ. ಹೆಂಗಸ್ರನ್ನ ಕರ್ಕೊಂಡ್ ಬಂದ್ರೆ ಹಿಂಗೇ," ಅಂದುಬಿಟ್ಟ.

ಗುರುದೇವಿಯ ಕಿವಿ ಸುಟ್ಟುಹೋಯಿತು.

"ಕೆಳಗ ಅಳೀರಿ ಅಂತ ನಾ ಹೇಳಿದ್ನೋ ಇಲ್ಲೋ?" ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಸೀನಣ್ಣಾ, ನೀ ಇಲ್ಲೇ ನಿಂತಿದ್ದಿ. ಬಾಯಿ ಬಿಡು!"

ಸೀನ ಚಪ್ಪಲಿ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಹೇಳಿದ್ಲಣ್ಣ," ಅಂದ.

"ನಾಳೆಯಿಂದ ಬರ್ಬೇಡ ನೀನು," ಅಂದ ಮುನಿರಾಜು.

"ಬರಂಗಿಲ್ಲ. ಆದ್ರ ನನ್ನ ಹೆಸರಿಗೆ ಹಚ್ಚಿದ ತಪ್ಪು ಇಲ್ಲೇ ಬಿಟ್ಟು ಹೋಗಂಗಿಲ್ಲ. ಗೇಟು ನಾನ ಸರಿ ಮಾಡ್ತೀನಿ."

ಮುನಿರಾಜು ಅಡ್ಡ ಬರಲು ನೋಡಿದ. "ಇವತ್ತೇ ಸರಿಯಾಗ್ಬೇಕು ನಂಗೆ. ಅವಳು ಮಾಡ್ಲಿ ಬಿಡ್ರೀ," ಎಂದು ಅನಂತಲಕ್ಷ್ಮಿ ಗದರಿದರು. ಸೀನ ಗಾಡಿಯಿಂದ ಕಬ್ಬಿಣ ಕತ್ತರಿಸುವ ಗ್ರೈಂಡರ್ ಇಳಿಸಿ, ಕಿಡಿ ತಡೆಯುವ ತನ್ನ ಕನ್ನಡಕವನ್ನು ಬಿಚ್ಚಿ ಅವಳಿಗೆ ಕೊಟ್ಟ. ಅವಳು ಒಂದು ಪಕ್ಕದ ಉದ್ದ ಪೈಪನ್ನು ಬಿಡಿಸಿದಳು, ಕಂಬಗಳ ನಡುವೆ ಕೆಳಗಡೆ ಅಳೆದು ಅಡ್ಡ ಪೈಪುಗಳಿಗೆಲ್ಲ ಅದೇ ಅಳತೆಗೆ ಗೆರೆ ಹಾಕಿದಳು, ಒಂದೊಂದಾಗಿ ಕತ್ತರಿಸಿದಳು. ಕಿಡಿ ಮೊಣಕಾಲಿಗೆ ಬಡಿದರೂ ಕೈ ಅಲುಗಲಿಲ್ಲ. ಮೂಲೆಯಿಂದ ಮೂಲೆಗೆ ಎರಡು ಸಲ ಅಳೆದ ಮೇಲೇ ಸೀನನಿಗೆ ವೆಲ್ಡಿಂಗ್‌ಗೆ ಬಿಟ್ಟಳು. ಗೇಟು ಸದ್ದಿಲ್ಲದೆ ಕಂಬಗಳ ನಡುವೆ ಕೂತಿತು.

"ನಮ್ ಸೀನ ಎಂಥ ಕೆಲಸಗಾರ ನೋಡಿ ಮೇಡಂ," ಅಂದ ಮುನಿರಾಜು.

"ಕಣ್ಣಿದಾವೆ ನಂಗೆ," ಅಂದರು ಅನಂತಲಕ್ಷ್ಮಿ.

ಗುರುದೇವಿ ಕನ್ನಡಕವನ್ನು ಸೀನನ ಕೈಗಿಟ್ಟು ನಡೆದುಬಿಟ್ಟಳು. ಗೆದ್ದ ಸಂತೋಷವೇನೂ ಇರಲಿಲ್ಲ. ಎರಡು ವರ್ಷ ಇವನ ಪೊರಕೆ ಹಿಡಿದೆನಲ್ಲ ಎಂದು ಹಲ್ಲು ಕಡಿಯುತ್ತಲೇ ಮನೆ ಸೇರಿದಳು.

ಮುಂದಿನ ವಾರ ಮುನಿರಾಜು ಬಾ ಎಂದು ಹೇಳಿಕಳಿಸಿದ. ಅವಳು ಹೋಗಲಿಲ್ಲ. ಆ ಹೊತ್ತಿಗೆ ಕುರುಬರಹಳ್ಳಿಯ ಇನ್ನೊಂದು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿಯಾಗಿತ್ತು: "ಬಣ್ಣ ಹಚ್ಚಾಕ ಬಂದಿಲ್ರಿ ನಾ. ಪೈಪ್ ಕಟ್ ಮಾಡ್ತೀನಿ. ಕೆಲಸ ಐತೇನು?"

ಅಲ್ಲಿನ ಯಜಮಾನ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, ಒಂದು ತುಂಡು ಪೈಪು ಮುಂದಿಟ್ಟ.