ತೂಗೋ ಮಾಸ್ತರ

ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನ ಜೊತೆ ಜಗಳಕ್ಕೆ ನಿಂತೆ. ಜಗಳವೆಂದರೆ ದೊಡ್ಡದೇನಲ್ಲ, ವಯಸ್ಸಾದವರು ದಿನಕ್ಕೊಮ್ಮೆ ಯಾರ ಜೊತೆಗಾದರೂ ಮಾಡಿಕೊಳ್ಳುವಂಥದ್ದು. ಸಿಲಿಂಡರ್ ಹಗುರ ಕಾಣುತ್ತದೆ, ತೂಕ ಕಮ್ಮಿ ಇರಬೇಕು ಎಂದೆ. ಆತ ಗಾಡಿಯಿಂದ ಕೊಕ್ಕೆಯಿದ್ದ ಸ್ಪ್ರಿಂಗ್ ತಕ್ಕಡಿ ತಂದು, "ತೂಗಲೇನ್ರೀ ಯಜಮಾನ್ರ?" ಎಂದ. ನನಗೆ ನಗು ಬಂತು. ತೂಕ ಸರಿಯಾಗಿಯೇ ಇತ್ತು. ತನ್ನನ್ನು ನೋಡಿ ನಗುತ್ತಿದ್ದೇನೆ ಎಂದುಕೊಂಡು ಆತ ಮುಖ ಗಂಟು ಹಾಕಿಕೊಂಡು ಹೋದ. ಅವನಿಗೆ ಕೊಡಬೇಕಾಗಿದ್ದ ಸಮಜಾಯಿಷಿಯನ್ನು ನಿಮಗೆ ಕೊಡುತ್ತೇನೆ. ನಿಮಗೇನೂ ಇನ್ನೂ ಹತ್ತು ಮನೆಗೆ ಸಿಲಿಂಡರ್ ಹಾಕುವ ಅವಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮಾನ್ವಿಯಲ್ಲಿ ಹುಟ್ಟಿದ ನಾನು ಧಾರವಾಡಕ್ಕೆ ಹೋಗಿ ಎರಡು ವರ್ಷ ಸಮಾಜಕಾರ್ಯ ಓದಿಕೊಂಡು ಊರಿಗೆ ಮರಳಿದ್ದೆ. ಅಪ್ಪ ಅಕ್ಕಿ ಅಡತಿಯಲ್ಲಿ ಗುಮಾಸ್ತರಾಗಿದ್ದರು. "ಈಗ ನಿನಗ ಏನ್ ಮಾಡಾಕ ಬರ್ತದ?" ಎಂದು ಕೇಳಿದರು. ನಾನು ಸಮುದಾಯ, ಸಹಭಾಗಿತ್ವ ಇತ್ಯಾದಿಗಳನ್ನು ವಿವರಿಸಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಅಂದ್ರ ಏನೂ ಬರಂಗಿಲ್ಲ" ಎಂದು ಊಟಕ್ಕೆ ಎದ್ದರು.

ಊರಿನಲ್ಲಿ ಗುರುಪಾದಪ್ಪ ಮಾಸ್ತರು ಎಂಬ ನಿವೃತ್ತ ಶಿಕ್ಷಕರು ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಎರಡು ಕೋಣೆ, ಒಂದು ಕಬ್ಬಿಣದ ಕಪಾಟು, ಬಡ ಓಣಿಗಳ ಮಕ್ಕಳಿಗೆ ಏನಾದರೂ ಮಾಡಬೇಕೆಂಬ ಆಸೆ, ಇಷ್ಟು ಅದರ ಆಸ್ತಿ. ಆ ವರ್ಷ ಯಾರೋ ಪುಣ್ಯಾತ್ಮರು ಕೂಸುಗಳ ತೂಕ ನೋಡುವ ತಕ್ಕಡಿಯೊಂದನ್ನು ದಾನ ಮಾಡಿದ್ದರು. ತಕ್ಕಡಿ ಇತ್ತು, ನಾನೂ ಖಾಲಿ ಇದ್ದೆ. ಇಬ್ಬರನ್ನೂ ಮಾಸ್ತರು ರಾಯಚೂರಿನ ಬಸ್ಸು ಹತ್ತಿಸಿದರು.

ನನಗೆ ಗೊತ್ತುಮಾಡಿದ ಓಣಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಿಂದಿತ್ತು. ಸುಗ್ಗಿಯಲ್ಲಿ ದೇವದುರ್ಗದ ಕಡೆಯಿಂದ ಹೆಂಗಸರು ಜಿನ್ನಿನ ಕೆಲಸಕ್ಕೆ ಬಂದು ಅಲ್ಲಿ ತಗಡಿನ ಗುಡಿಸಲುಗಳಲ್ಲಿ ಇರುತ್ತಿದ್ದರು. ಓಣಿಯ ಮೇಲೆಲ್ಲ ಹತ್ತಿಯ ಅರಳೆ ಹಾರಾಡುತ್ತಿತ್ತು. ಒಂದು ವಾರದಲ್ಲಿ ನನ್ನ ಕನ್ನಡಕವೂ ಬೆಳ್ಳಗಾಯಿತು. ಕೆಲಸ ಸರಳ. ಎರಡು ವರ್ಷದೊಳಗಿನ ಕೂಸುಗಳನ್ನು ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ, ತೂಕವನ್ನು ಪುಸ್ತಕದಲ್ಲಿ ಬರೆಯಬೇಕು. ತೂಕ ಇಳಿಯುತ್ತಿದ್ದರೆ ತಾಯಿಗೆ ಹೇಳಿ ಸರಕಾರಿ ದವಾಖಾನೆಗೆ ಕರೆದೊಯ್ಯಬೇಕು. ಇಷ್ಟು ಸರಳವಾದ ಕೆಲಸವನ್ನು ಕೆಡಿಸಲು ಓದಿದವರೇ ಬೇಕು.

ಕೆಡಿಸಿದ್ದು ಒಂದು ಮಾತಿನಿಂದ. ಆ ಜಿನ್ನಿನಲ್ಲಿ ತೂಕ ಮಾಡುವುದಕ್ಕೆ 'ಕಾಟಾ ಮಾಡೋದು' ಎನ್ನುತ್ತಿದ್ದರು. ಅಡತಿ ಗುಮಾಸ್ತರ ಮಗನಾದ ನನಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಕೂಸನ್ನು ಕಾಟಾ ಮಾಡುವುದು ಎಂದರೆ ಒರಟಾಯಿತು, ಧಾರವಾಡದಲ್ಲಿ ಓದಿದವನಿಗೆ ಶೋಭಿಸದು ಅನ್ನಿಸಿತು. ಹಾಗಾಗಿ ಸಂಜೆ ಮನೆ ಮನೆಗೆ ಹೋಗಿ, "ನಾಳೆ ಮುಂಜಾನೆ ಕೂಸುಗಳನ್ನು ತೂಗುತ್ತೇವೆ, ಕರೆದುಕೊಂಡು ಬನ್ನಿ, ಪುಕ್ಕಟೆ" ಎಂದು ಶುದ್ಧ ಕನ್ನಡದಲ್ಲಿ ಸಾರಿದೆ. ಆ ಓಣಿಯಲ್ಲಿ ಹತ್ತಿಗೆ ಕಾಟಾ. ತೂಗುವುದೇನಿದ್ದರೂ ತೊಟ್ಟಿಲನ್ನು.

ಮರುದಿನ ಬೆಳಿಗ್ಗೆ ನಮ್ಮ ತಗಡಿನ ಕೋಣೆಯ ಮುಂದೆ ಹನ್ನೊಂದು ತಾಯಂದಿರು ನಿಂತಿದ್ದರು. ಸಹಭಾಗಿತ್ವ ಎಂದರೆ ಇದೇ ಎಂದು ನಾನು ಉಬ್ಬಿಹೋದೆ. ಒಳಗೆ ತೊಲೆಗೆ ತಕ್ಕಡಿಯನ್ನು ತೂಗುಹಾಕಿ, ಅದರ ಕೊಕ್ಕೆಗೆ ಬಟ್ಟೆಯ ಜೋಲಿ ಕಟ್ಟಿದ್ದೆ. ಅವರು ಇಣುಕಿ ನೋಡಿದರು. ಜೋಲಿಯನ್ನು ನೋಡಿದ ಮೇಲೆ ಅವರಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಕೂಸುಗಳನ್ನು ಚಾಪೆಯ ಮೇಲೆ ಮಲಗಿಸಿ, ಸಕ್ಕರೆ ನೀರಿನ ಬಾಟಲಿ ಪಕ್ಕಕ್ಕಿಟ್ಟು, "ಜ್ವಾಕಿ ತೂಗ್ರಿ ಮಾಸ್ತರ" ಎಂದು ಹೇಳಿ ಜಿನ್ನಿನ ಕಡೆಗೆ ನಡೆದುಬಿಟ್ಟರು. ನಾನು ಹಿಂದೆ ಓಡಿದೆ. ಅಷ್ಟರಲ್ಲಿ ಜಿನ್ನಿನ ಗೇಟು ಹಾಕಿತ್ತು.

ಕೊನೆಗೆ ಬಂದವಳು ದೇವಮ್ಮ. ದೇವದುರ್ಗದ ಕಡೆ ಹೊಳೆದಂಡೆಯ ಗೂಗಲ್ ಎಂಬ ಊರಿನವಳು. ಗಂಡ ಕುರಿ ಹಿಂದೆ ಹೋಗಿದ್ದ, ಅವಳು ಅಕ್ಕನ ಜೊತೆ ಜಿನ್ನಿಗೆ ಬಂದಿದ್ದಳು. ಏಳು ತಿಂಗಳ ಹೆಣ್ಣುಕೂಸು. ಹೊಳೆಯ ಹೆಸರಿಟ್ಟಿದ್ದರು, ಕೃಷ್ಣವ್ವ ಅಂತ. ಓಣಿಯಲ್ಲಿ ಅದು ಕಿಷ್ಟವ್ವ ಆಗಿತ್ತು. ದೇವಮ್ಮ ಕೂಸನ್ನು ನನ್ನ ಕೈಗೇ ಕೊಟ್ಟಳು.

"ಇದರಕ್ಕಿಂತ ಮೊದಲಿಂದು ಹೋತ್ರಿ. ಜಿನ್ನಿನ ಗೇಟಿನ್ಯಾಗ ಮಲಗಿಸಿದ್ದೆ, ಜ್ವರ ಬಂದು ಹೋತು. ಇದೊಂದು ಉಳದ್ರ ಸಾಕ್ರಿ ನನಗ."

ಅಂಥ ಮಾತಿನ ಮುಂದೆ ತೂಗುವುದಕ್ಕೆ ಎರಡರ್ಥವಿದೆ ಎಂದು ವ್ಯಾಕರಣ ಹೇಳಲು ನನಗೆ ಬಾಯಿ ಬರಲಿಲ್ಲ. "ಚಲೋತ್ನಾಗಿ ತೂಗ್ತೀವಿ, ಹೋಗಿ ಬಾ ಯವ್ವಾ" ಎಂದೆ.

ಹೀಗೆ ನಮ್ಮ ತೂಕದ ಕೇಂದ್ರ ತೊಟ್ಟಿಲ ಕೇಂದ್ರವಾಯಿತು. ಪಕ್ಕದ ಮನೆಯ ಶಾಂತಾಬಾಯಿ ಎಂಬ ವಿಧವೆಯನ್ನು ಕೈಮುಗಿದು ಕರೆತಂದೆ. ಹಳೆ ಸೀರೆಗಳನ್ನು ಹರಿದು ತೊಲೆಗೆ ಐದು ಜೋಲಿ ಕಟ್ಟಿದೆವು. ತಕ್ಕಡಿ ಜಾಗ ತಿನ್ನುತ್ತಿತ್ತು, ಬಿಚ್ಚಿ ಅದರ ಪೆಟ್ಟಿಗೆಗೆ ಹಾಕಿದೆವು. ಓಣಿಯವರು ನನಗೆ ತೂಗೋ ಮಾಸ್ತರ ಎಂದು ಹೆಸರಿಟ್ಟರು. ಧಾರವಾಡದ ಪದವಿಗಿಂತ ಅದು ಬೇಗ ಸಿಕ್ಕಿತು.

ನನಗೆ ಜೋಗುಳ ಬರುತ್ತಿರಲಿಲ್ಲ. ಬಾಯಿಪಾಠವಿದ್ದದ್ದು ಮಗ್ಗಿ ಮಾತ್ರ, ಅದನ್ನೇ ರಾಗವಾಗಿ ಹೇಳುತ್ತಾ ಹಗ್ಗ ಎಳೆಯುತ್ತಿದ್ದೆ. ಐದರ ಮಗ್ಗಿಗೆ ಎರಡು ಕೂಸು ಮಲಗಿದವು, ಆರರ ಮಗ್ಗಿಗೆ ಇನ್ನೆರಡು. ಏಳಕ್ಕೆ ಬಂದಾಗ ಎಲ್ಲವೂ ಒಟ್ಟಿಗೆ ಅತ್ತವು. ಶಾಂತಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮಲಗಿದ ಕೂಸಿಗೆ ಏಳು ಏಳು ಅಂತೀರಲ್ರಿ, ಏಳದ ಏನ್ ಮಾಡ್ತಾವ?" ಅಂದಿನಿಂದ ಆರಾದ ಮೇಲೆ ನೇರವಾಗಿ ಎಂಟಕ್ಕೆ ಹೋಗತೊಡಗಿದೆ. ಈಗಲೂ ಏಳೆಂಟಲ ಎಷ್ಟು ಎಂದರೆ ಬೆರಳು ಮಡಚಬೇಕು.

ತಿಂಗಳಾದ ಮೇಲೆ ಮಾನ್ವಿಯಿಂದ ಗುರುಪಾದಪ್ಪ ಮಾಸ್ತರ ಕಾರ್ಡು ಬಂತು. 'ಕೂಸುಗಳನ್ನು ತೂಗುವ ಕೆಲಸ ಕ್ರಮವಾಗಿ ನಡೆದಿದೆಯೇ?' ನಾನು ಸುಳ್ಳು ಹೇಳುವ ಜಾತಿಯವನಲ್ಲ. 'ದಿನಾಲೂ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಡುವಿಲ್ಲದೆ ತೂಗುತ್ತಿದ್ದೇವೆ, ಕೈ ಸೋತಿದೆ' ಎಂದು ಬರೆದೆ. ವಾರಕ್ಕೊಮ್ಮೆ ಸಾಕು ಎಂದಿದ್ದರೂ ದಿನವಿಡೀ ತೂಕ ಮಾಡುವ ಇಂಥ ಕಾರ್ಯಕರ್ತ ಸಿಕ್ಕಿದ್ದಕ್ಕೆ ಮಾಸ್ತರು ಹಿಗ್ಗಿಹೋದರಂತೆ. ಎಲ್ಲೆಲ್ಲೋ ಓಡಾಡಿ ಎರಡನೇ ತಕ್ಕಡಿ ಸಂಪಾದಿಸಿ, ಕೈ ಸೋತ ಬಡಪಾಯಿಗೆ ತಾವೇ ಒಪ್ಪಿಸಬೇಕೆಂದು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಬಂದವರು ಐದು ಜೋಲಿಗಳನ್ನು ನೋಡಿದರು. ಮಗ್ಗಿ ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿದಾಗ ತುಟಿಯಂಚಿನಲ್ಲಿ ನಕ್ಕರು. "ಇದೂ ಬೇಕಾದ ಕೆಲಸನ ಬಿಡಪ್ಪಾ. ತೂಕದ ಪುಸ್ತಕ ತಾ" ಎಂದರು. ಕೊಟ್ಟೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಿದ್ದೇನೆ. ಮೊದಲ ದಿನ ಸಂಜೆ ತಾಯಂದಿರು ಬರುವಷ್ಟರಲ್ಲಿ ಹನ್ನೊಂದೂ ಕೂಸುಗಳ ತೂಕ ನೋಡಿ ಬರೆದಿದ್ದೆ. ಆಮೇಲೆ ನೋಡಿರಲಿಲ್ಲ. ಪುಸ್ತಕದ ಮನೆಗಳು ಖಾಲಿ ಕಾಣುತ್ತವೆಂದು ಪ್ರತಿ ವಾರ ಒಂದೊಂದು ಕೂಸಿಗೆ ನೂರೋ ನೂರೈವತ್ತೋ ಗ್ರಾಂ ಸೇರಿಸಿ ಬರೆದುಬಿಡುತ್ತಿದ್ದೆ. ಬೆಳೆಯುವ ವಯಸ್ಸು, ಬೆಳೆದೇ ಬೆಳೆಯುತ್ತವೆ ಎಂಬ ನಂಬಿಕೆ. ಸುಳ್ಳು ಹೇಳುವ ಜಾತಿಯವನಲ್ಲ ಎಂದೆನಲ್ಲ, ಬರೆಯುವ ಜಾತಿಯವನಾಗಿದ್ದೆ.

ಮಾಸ್ತರು ಹೊಸ ತಕ್ಕಡಿಯನ್ನು ತೊಲೆಗೆ ಹಾಕಿ, ಅಳದೆ ಇದ್ದ ಒಂದು ಕೂಸನ್ನು ಆರಿಸಿಕೊಂಡರು. ಅದು ಕಿಷ್ಟವ್ವ. ನಮ್ಮಲ್ಲೆಲ್ಲ ಶಾಣ್ಯಾ ಕೂಸು, ಹಗ್ಗ ನಾಲ್ಕು ಸಲ ಎಳೆದರೆ ಮಲಗುತ್ತದೆ, ಎದ್ದರೂ ಗಲಾಟೆಯಿಲ್ಲ ಎಂದು ನಾನೇ ಹೊಗಳಿದ್ದೆ. ಮುಳ್ಳು ಐದು ಕಿಲೋ ನೂರು ಗ್ರಾಮಿನ ಮೇಲೆ ನಿಂತಿತು. ಪುಸ್ತಕದಲ್ಲಿ ಮೊದಲ ದಿನದ್ದು ಐದು ಕಿಲೋ ಆರುನೂರು, ಹೋದ ವಾರದ್ದು ಆರು ಕಿಲೋ ನೂರು. ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸಿ ಮತ್ತೆ ನೋಡಿದರು.

"ಈ ಅಂಕಿ ಯಾರು ಬರದಾರ?"

"ನಾನರೀ."

"ಹಂಗಾರ ಆಕಿ ಅವ್ವಗ ನೀನ ಹೇಳು."

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಮಧ್ಯಾಹ್ನದ ರೊಟ್ಟಿ ಬಿಡುವಿನಲ್ಲಿ ದೇವಮ್ಮ ತಲೆಯ ಮೇಲಿನ ಅರಳೆ ಝಾಡಿಸಿಕೊಳ್ಳುತ್ತಾ ಹಾಲು ಕುಡಿಸಲು ಓಡಿಬಂದಳು. ನಾನು ಹೇಳಿದೆ. ಕೂಸು ಇಳಿದಿದೆ, ಅರ್ಧ ಕಿಲೋ ಇಳಿದಿದೆ ಎಂದೆ. ಅವಳು ನನ್ನನ್ನೂ ತಕ್ಕಡಿಯನ್ನೂ ನೋಡಿದಳು.

"ದಿನಾ ತೂಗೀನಿ ಅಂದಿದ್ಯಲ್ಲೋ ಯಪ್ಪಾ?"

ಅಷ್ಟೇ ಕೇಳಿದ್ದು. ಅವಳ ಅರ್ಥದಲ್ಲಿ ನಾನು ದಿನಾ ತೂಗಿದ್ದೆ. ಅಳುವ ಕೂಸನ್ನು ತೂಗಿ ತೂಗಿ ಅದರ ಹಸಿವನ್ನು ಮಲಗಿಸಿದ್ದೆ. ಮೊದಮೊದಲು ಅತ್ತು ಕೇಳಿತ್ತು, ಕೇಳಿದಾಗೆಲ್ಲ ಮಗ್ಗಿ ಸಿಕ್ಕಿತ್ತು, ಕೊನೆಗೆ ಕೇಳುವುದನ್ನೇ ಬಿಟ್ಟಿತ್ತು. ಅದಕ್ಕೆ ನಾನು ಶಾಣ್ಯಾ ಎಂದು ಹೆಸರಿಟ್ಟಿದ್ದೆ.

ಆಮೇಲಿನದು ಮಾಸ್ತರ ಕೆಲಸ. ದೇವಮ್ಮನನ್ನೂ ಕೂಸನ್ನೂ ರಿಕ್ಷಾ ಹತ್ತಿಸಿ ದವಾಖಾನೆಗೆ ಕರೆದೊಯ್ದರು. ರೋಗವೇನಿಲ್ಲ, ಹೊಟ್ಟೆಗಿಲ್ಲ ಎಂದರು ಡಾಕ್ಟರು. ತಾಯಿ ಹಾಲು ಹೊತ್ತುಹೊತ್ತಿಗೆ ಬೇಕು, ಜೊತೆಗೆ ತೆಳುಗಂಜಿ. ಅಲ್ಲಿಂದ ಮಾಸ್ತರು ನೆಟ್ಟಗೆ ಜಿನ್ನಿಗೆ ಹೋಗಿ ಕೂಲಿಯವರ ಮೇಸ್ತ್ರಿಯಾದ ಮುಕಾದಮನನ್ನು ಕರೆಸಿದರು. ಹೆಂಗಸರ ಮೇಲೆ ಹುಲಿಯಾಗಿದ್ದ ಆ ಮನುಷ್ಯ ಮಾಸ್ತರನ್ನು ಕಂಡದ್ದೇ ಬೀಡಿಯನ್ನು ಬೆನ್ನ ಹಿಂದೆ ಹಿಡಿದ. ಮಾನ್ವಿಯ ಶಾಲೆಯಲ್ಲಿ ಅವರ ಕೈಯಲ್ಲಿ ಎರಡು ವರ್ಷ ಮೂರನೇ ತರಗತಿ ಓದಿದವನಂತೆ. ಹಾಲುಣಿಸುವ ತಾಯಂದಿರನ್ನು ಮುಂಜಾನೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ಹೊರಗೆ ಬಿಡಬೇಕೆಂದು ಮಾಸ್ತರು ಹೇಳಿದರು. "ಮಾಲಕರಿಗೆ ಕೇಳಬೇಕ್ರಿ" ಎಂದ. "ಕೇಳು. ನಾ ಇಲ್ಲೇ ನಿಂತಿರ್ತೀನಿ" ಎಂದರು. ಸಂಜೆಯ ತನಕ ನಿಂತರು. ಕೊನೆಗೆ ಮಾಲಕರು ಒಪ್ಪಿ ತಾಯಂದಿರನ್ನು ಬಿಟ್ಟರು.

ಶಾಂತಾಬಾಯಿ ಗಂಜಿಯ ಒಲೆ ಹೂಡಿದಳು. ನಾನು ತಕ್ಕಡಿ ಬಿಚ್ಚಲಿಲ್ಲ. ಒಂದು ವಾರ ದೇವಮ್ಮ ನನ್ನ ಜೊತೆ ಮಾತಾಡಲಿಲ್ಲ, ಕೂಸನ್ನು ಶಾಂತಾಬಾಯಿಯ ಕೈಗೆ ಕೊಟ್ಟು ಹೋಗುತ್ತಿದ್ದಳು. ಎಂಟನೇ ದಿನ ಬೆಳಿಗ್ಗೆ ನನ್ನ ಮುಂದೆ ಬಂದು ನಿಂತಳು.

"ಮೊದಲ ಕಾಟಾ ಮಾಡ್ರಿ. ನಾ ನೋಡ್ತೀನಿ. ಆಮ್ಯಾಲ ತೂಗ್ರಿ."

ಓದು ಬಾರದವಳು ಮುಳ್ಳು ನಿಲ್ಲುವ ಜಾಗಕ್ಕೆ ತನ್ನ ಹಣೆಯ ಕುಂಕುಮ ತೆಗೆದು ಬೊಟ್ಟಿಟ್ಟಳು. ಮುಂದಿನ ವಾರ ಮುಳ್ಳು ಆ ಬೊಟ್ಟು ದಾಟಿತು. ಇನ್ನೊಂದು ಬೊಟ್ಟಿಟ್ಟಳು. ಅದನ್ನು ನೋಡಿ ಉಳಿದವರೂ ಕಾಟಾ ಮಾಡ್ರಿ, ಕಾಟಾ ಮಾಡ್ರಿ ಎಂದು ಸಾಲು ಹಚ್ಚಿದರು. ಧಾರವಾಡದಲ್ಲಿ ಇದಕ್ಕೂ ಒಂದು ಹೆಸರು ಹೇಳಿಕೊಟ್ಟಿದ್ದರು, ಈಗ ಮರೆತಿದೆ. ಹೋಳಿಯ ಹೊತ್ತಿಗೆ ಕಿಷ್ಟವ್ವ ಓಣಿ ಕೇಳುವಂತೆ ಅಳತೊಡಗಿದಳು. ಅಷ್ಟು ಇಂಪಾದ ಅಳುವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಸುಗ್ಗಿ ಮುಗಿದು ಗೂಗಲ್ಲಿಗೆ ಹೊರಟ ದಿನ ದೇವಮ್ಮ ಕೊನೆಯ ಸಲ ಕಾಟಾ ಮಾಡಿಸಿ, ಅಂಕಿಯನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಮರೆಯಬಾರದೆಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬಸ್ಸು ಹತ್ತಿದಳು. ಮರುವರ್ಷ ಬಂದಾಗ ಕಿಷ್ಟವ್ವ ಜೋಲಿಯಲ್ಲಿ ಹಾಕಿದರೆ ಇಳಿದು ಓಡುತ್ತಿದ್ದಳು.

ಈ ಕತೆಯನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಬಸ್ಸಿನಲ್ಲಿ ಎರಡನೇ ತಕ್ಕಡಿ ಬಂತು ಎನ್ನುವಲ್ಲಿಗೆ ನಿಲ್ಲಿಸುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು, ನಾನು ಕೂತುಕೊಳ್ಳುತ್ತಿದ್ದೆ. ಮೊನ್ನೆ ಒಬ್ಬನೇ ನಗುತ್ತಾ ಒಳಗೆ ಬಂದಾಗ ಹೆಂಡತಿ, "ತೂಗೋ ಕತಿ ನೆನಪಾತೇನು? ತಕ್ಕಡಿ ಬಂತು, ಮುಗೀತು" ಎಂದಳು. ಮುಗಿದಿಲ್ಲ ಎಂದೆ. ಅಡುಗೆ ಮನೆಯಲ್ಲೇ ಸ್ಟೂಲಿನ ಮೇಲೆ ಕೂತು ಉಳಿದದ್ದನ್ನೂ ಹೇಳಿದೆ. ಎಲ್ಲ ಆದ ಮೇಲೆ ಕೇಳಿದಳು:

"ಎಷ್ಟಿತ್ರಿ ಆ ಕೂಸು?"

"ಐದು ಕಿಲೋ ನೂರು ಗ್ರಾಂ" ಎಂದೆ. ಯೋಚಿಸಬೇಕಾಗಲಿಲ್ಲ.

"ಅದಲ್ರೀ. ಊರಿಗೆ ಹೋಗೋ ದಿನ ಎಷ್ಟಿತ್ತು?"

ನಾನು ಎಷ್ಟು ಹೊತ್ತು ಯೋಚಿಸಿದರೂ ಆ ಅಂಕಿ ನೆನಪಿಗೆ ಬರಲಿಲ್ಲ. ದೇವಮ್ಮನಿಗೆ ನೆನಪಿರುತ್ತದೆ.