ಹಂಡೆಯ ಮುಚ್ಚಳದ ಮೇಲಿನ ಬೀಜ

ನೀಲಾ, ಆ ಬೀಜಗಳು ಸತ್ತಿದ್ದವು. ನೀನು ಮಣ್ಣಿಗೆ ಹಾಕುವ ಮೊದಲೇ ಸತ್ತಿದ್ದವು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ತಪ್ಪನ್ನು ನಿನ್ನ ಕೈಯ ಮೇಲೆ ಹಾಕಿದೆ.

ಕೇಳಬೇಕಾದವಳು ಕಣ್ಮುಚ್ಚಿದ ಮೇಲೆ ಹೇಳುತ್ತಿದ್ದೇನೆ. ಇದರಲ್ಲಿ ಧೈರ್ಯವೇನೂ ಇಲ್ಲ.

ನೀನು ನನ್ನ ಮೈದುನನ ಹೆಂಡತಿಯಾಗಿ ದಾವಣಗೆರೆಯಿಂದ ಹರಿಹರಕ್ಕೆ, ನಮ್ಮ ಮನೆಗೆ ಬಂದ ಮೊದಲ ಯುಗಾದಿ ಅದು. ಹಬ್ಬಕ್ಕೆಂದು ಮನೆ ತೊಳೆಯುವಾಗ ನನ್ನ ಕೈಯಿಂದ ಕೊಡ ಜಾರಿತು. ಗೂಡಿನಲ್ಲಿದ್ದ ಬೀಜದ ಗಂಟುಗಳಲ್ಲಿ ಎರಡು ನೆನೆದುಹೋದವು — ಒಂದು ಹೀರೆ, ಒಂದು ಚೆಂಡು ಹೂವು. ಅತ್ತೆ ವರ್ಷವಿಡೀ ಬೂದಿ ಬೆರೆಸಿ ಕಾಪಾಡಿದ ಬೀಜ. ಬೈಗುಳಕ್ಕೆ ಹೆದರಿ, ಬೇಗ ಒಣಗಲಿ ಎಂದು ಬಚ್ಚಲ ಹಂಡೆಯ ಮುಚ್ಚಳದ ಮೇಲಿಟ್ಟೆ. ಇಟ್ಟು ಮರೆತೆ. ಮರುದಿನ ಮನೆಮಂದಿಗೆಲ್ಲ ಎಣ್ಣೆಸ್ನಾನ. ಬೆಳಗಿನಿಂದ ಹಂಡೆ ಕುದಿಯುತ್ತಲೇ ಇತ್ತು. ನೆನಪಾಗಿ ಓಡಿದಾಗ ಗಂಟುಗಳು ಮುಟ್ಟಲಾಗದಷ್ಟು ಸುಡುತ್ತಿದ್ದವು. ಒಂದು ಹೀರೆ ಬೀಜ ಕಚ್ಚಿ ನೋಡಿದೆ. ಒಳಗೆ ಬೆಂದಿತ್ತು. ಬೇರೆ ಬಟ್ಟೆಯಲ್ಲಿ ಕಟ್ಟಿ, ಉಳಿದ ಗಂಟುಗಳ ನಡುವೆ ಸೇರಿಸಿಬಿಟ್ಟೆ.

ಅಲ್ಲಿಯವರೆಗೆ ಅದು ಕೈತಪ್ಪು ಅಷ್ಟೆ. ಪಾಪ ಆಮೇಲಿನದು.

ಹಬ್ಬ ಕಳೆದ ಮೇಲೆ ಅತ್ತೆ ಹಿತ್ತಿಲಲ್ಲಿ ಗಂಟುಗಳನ್ನೆಲ್ಲ ಬಿಚ್ಚಿ ಹರಡುತ್ತಿದ್ದರು. ನಾವು ಸೊಸೆಯರು ನಮ್ಮ ನಮ್ಮ ಮಡಿಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಹೊಸ ಸೊಸೆ ಮೊದಲು. ಬೆಂಡೆ, ಬದನೆ, ಚವಳಿ, ಮೂಲಂಗಿ, ಕನಕಾಂಬರ — ಎಲ್ಲ ಇದ್ದವು. ನೀನು ಗಿರಣಿ ಕೆಲಸಗಾರರ ಸಾಲುಮನೆಯ ಹುಡುಗಿ. ಮಣ್ಣು ಕಂಡ ಮಗುವಿನ ಹಾಗೆ ಕೂತು ಒಂದೊಂದನ್ನೇ ಮುಟ್ಟುತ್ತಿದ್ದೆ.

"ಸೀಮೆಎಣ್ಣೆ ಡಬ್ಬಿಯಾಗ ಕೊತ್ತಂಬರಿ ಬೆಳೆದಾಕಿ ನೀನು," ಎಂದು ಅತ್ತೆ ನಕ್ಕರು. "ನಿಧಾನಕ್ಕ ನೋಡವ್ವ, ಬೀಜ ಏನ್ ಎದ್ದು ಓಡಿ ಹೋಗಂಗಿಲ್ಲ."

"ಹೀರೆ ಬಳ್ಳಿ ಚಪ್ಪರಕ್ಕ ಹಬ್ಲಿ ಅತ್ತೆ, ಬುಡದಾಗ ಚೆಂಡು ಹೂವು ಇರ್ಲಿ," ಎಂದೆ ನೀನು. "ಮ್ಯಾಲೂ ಹಳದಿ, ಕೆಳಗೂ ಹಳದಿ."

ಅಷ್ಟು ಬೀಜಗಳಲ್ಲಿ ಅವೆರಡನ್ನೇ.

ಅವು ಬ್ಯಾಡ ನೀಲಾ — ಇಷ್ಟು ಸಾಕಿತ್ತು. ಮಾತು ಬಾಯಿಗೆ ಬಂದಿತ್ತು ಕೂಡ. ಬೈಗುಳದ ಭಯದಿಂದ ನುಂಗಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನಾನು ಹಾಕಿದ್ದೆಲ್ಲ ಹುಟ್ಟುತ್ತದೆ, ನನ್ನ ಕೈಗುಣ ದೊಡ್ಡದು ಎಂದು ಬೀದಿಯವರು ಮೊದಲ ಬೀಜ ಹಾಕಲು ನನ್ನನ್ನು ಕರೆಯುತ್ತಿದ್ದರು. ಮಡಿಲು ತುಂಬದ ನನಗೆ ಇದ್ದದ್ದು ಆ ಹೆಸರೊಂದೇ. ಅತ್ತೆ ನಿನ್ನ ಜೊತೆ ನಕ್ಕ ಹಾಗೆ ನನ್ನ ಜೊತೆ ಎಂದೂ ನಕ್ಕಿರಲಿಲ್ಲ. ನಿನ್ನ ಮಡಿ ಬರಿದಾಗಿರುವುದನ್ನು ಒಮ್ಮೆ — ಒಂದೇ ಒಂದು ಸಲ — ನೋಡಬೇಕೆನಿಸಿತು.

ನೋಡಿದೆ. ನನ್ನ ಬೆಂಡೆ ಎಲೆ ಬಿಟ್ಟಿತ್ತು. ನಿನ್ನ ಮಡಿಯಲ್ಲಿ ಒದ್ದೆ ಮಣ್ಣು ಮಾತ್ರ. ನೀನು ದಿನವೂ ಬೆರಳಿನಿಂದ ಮಣ್ಣು ಸರಿಸಿ ನೋಡಿ ಮತ್ತೆ ಮುಚ್ಚುತ್ತಿದ್ದೆ.

"ಇದ್ಯಾಕ ಹಿಂಗಾತು? ನೀರು ಹಾಕಿದ್ಯೋ ಇಲ್ಲೋ?" ಎಂದು ಅತ್ತೆ ನಿನ್ನನ್ನು ಕೇಳಿದರು.

ಉತ್ತರ ಕೊಟ್ಟವಳು ನಾನು. "ನೀರು ಹಾಕ್ಯಾಳ್ರಿ ಅತ್ತೆ, ನಾ ನೋಡೀನಿ. ಆದ್ರ ಕೈಗುಣ ಅಂತ ಒಂದು ಇರ್ತೈತಲ್ರಿ..."

ನೀನು ಅಂಗೈ ತಿರುಗಿಸಿ ನೋಡಿಕೊಂಡೆ. ಆಮೇಲೆ ಸೆರಗಿಗೆ ಒರೆಸಿಕೊಂಡೆ — ಮಣ್ಣಷ್ಟೇ ಅಲ್ಲ, ಬೇರೇನೋ ಅಂಟಿದೆ ಎಂಬಂತೆ.

ನೀನು ಗಂಡನಿಗೆ ಹೇಳಿ ದಾವಣಗೆರೆಯ ಮಂಡಿಪೇಟೆಯಿಂದ ಬೇರೆ ಬೀಜ ತರಿಸಿದೆ. ತಂದು ನನ್ನ ಕೈಗಿಟ್ಟೆ. "ನೀವೇ ಹಾಕ್ರಿ ಅಕ್ಕ. ನನ್ನ ಕೈ ಬ್ಯಾಡ." ನಾನು ಹಾಕಿದೆ. ಹುಟ್ಟಿದವು. ಹುಟ್ಟದೆ ಏನು, ಒಳ್ಳೆಯ ಬೀಜ! ಆದರೆ ಮನೆಯವರಿಗೆ ಅದೇ ಸಾಕ್ಷಿಯಾಯಿತು. ಆಮೇಲೆ ಹಾಲಿಗೆ ಹೆಪ್ಪು ಹಾಕಲು, ಉಪ್ಪಿನಕಾಯಿ ಕಲಸಲು, ಹೊಸ ಒಲೆಗೆ ಮೊದಲ ಬೆಂಕಿ ಹಾಕಲು — ಯಾರೂ ನಿನ್ನನ್ನು ಕರೆಯಲಿಲ್ಲ. ಕೆಲವು ದಿನಗಳಲ್ಲಿ ಕರೆಯದಿರುವ ಕಷ್ಟವನ್ನೂ ನೀನೇ ತಪ್ಪಿಸಿದೆ. ಮೊದಲೇ ಹಿಂದೆ ಸರಿದು ನಿಲ್ಲುತ್ತಿದ್ದೆ.

ನಿನ್ನ ಮಗಳು ಶಾಂತಾಳನ್ನು ತೊಟ್ಟಿಲಿಗೆ ಹಾಕಿದ ದಿನ ನನ್ನ ಎದೆಯಿಂದ ಇಳಿಯುವುದೇ ಇಲ್ಲ. ಬಂಜೆ ಎಂದು ಅಂಥ ಕೆಲಸಕ್ಕೆ ನನ್ನನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ನಾನು ಬಾಗಿಲ ಹೊರಗೇ ನಿಂತಿದ್ದೆ. ನೀನು ಎದ್ದು ಬಂದು ಕೂಸನ್ನು ನನ್ನ ತೋಳಿಗಿಟ್ಟೆ. "ನಮ್ಮಕ್ಕನ ಕೈಯಾಗ ಏನಿಟ್ರೂ ಚಿಗೀತೈತೆ. ಇದನ್ನೂ ಅವರೇ ಮಲಗಿಸ್ಲಿ," ಎಂದೆ. ಗುಸುಗುಸು ನಿಂತಿತು. ನಿನ್ನಿಂದ ನಾನು ಕಸಿದುಕೊಂಡ ಕೈಗುಣದ ಹೆಸರನ್ನೇ ನೀನು ನನಗೆ ಎಲ್ಲರೆದುರು ಕೊಟ್ಟೆ — ಆಗಲಾದರೂ ಹೇಳಬಹುದಿತ್ತು. ಕೂಸನ್ನು ಮಲಗಿಸಿ ಜೋಗುಳ ಹಾಡಿದೆ.

ಕಳೆದ ಮಾಘದಲ್ಲಿ ಜ್ವರ ನಿನ್ನನ್ನು ಕರೆದೊಯ್ದಿತು. ಕೊನೆಯ ದಿನಗಳಲ್ಲಿ ನಿನ್ನ ಕೈ ಹಿಡಿದೇ ಕೂತಿದ್ದೆ. ಆಗಲೂ ಹೇಳಲಿಲ್ಲ.

ಈ ಯುಗಾದಿ ಕಳೆದ ಮೇಲೂ ಅತ್ತೆ ಎಂದಿನಂತೆ ಗಂಟುಗಳನ್ನು ಬಿಚ್ಚಿದರು. ಈಗ ಕಣ್ಣು ಮಂಜು, ಬೆರಳಿನಿಂದಲೇ ಗುರುತು ಹಿಡಿಯುತ್ತಾರೆ. ಈ ಸಲ ಶಾಂತಾ ಆರಿಸಲಿ ಎಂದರು. ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾ ಒಲ್ಲೆ. ನಂದೂ ಅವ್ವನ ಕೈನೇ. ದೊಡ್ಡವ್ವನೇ ಹಾಕ್ಲಿ."

ಅಲ್ಲೇ, ಹಿತ್ತಿಲಲ್ಲೇ, ಎಲ್ಲರೆದುರು ಹೇಳಿಬಿಟ್ಟೆ. ಕೊಡ, ಹಂಡೆ, ಗಂಟು, ನನ್ನ ಮಾತು — ಒಂದೂ ಬಿಡಲಿಲ್ಲ. ಅತ್ತೆ ಕೈಯಲ್ಲಿದ್ದ ಬೀಜಗಳನ್ನು ಕೆಳಗಿಟ್ಟು ಮುಖ ತಿರುಗಿಸಿದರು. ನಿನ್ನ ಗಂಡ ಎದ್ದು ಹೊರಗೆ ಹೋದ. ಶಾಂತಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಅವ್ವ ಇದ್ದಾಗ ಯಾಕ ಹೇಳ್ಲಿಲ್ಲ?"

ನಾನು ಬಿಚ್ಚಿದ ಗಂಟುಗಳನ್ನು ಒಂದೊಂದಾಗಿ ಕಟ್ಟತೊಡಗಿದೆ.

ಮರುದಿನ ಬೆಳಗ್ಗೆ ಅವಳು ಒಬ್ಬಳೇ ನಿನ್ನ ಮಡಿಯನ್ನು ಕೆದರಿ ಹೀರೆ ಹಾಕಿದಳು, ಬುಡದಲ್ಲಿ ಚೆಂಡು ಹೂವು. ನಾನು ನೀರು ತಂದರೆ ಕೊಡ ಇಸಿದುಕೊಂಡು ತಾನೇ ಹನಿಸಿದಳು. ಇನ್ನೂ ಏನೂ ಹುಟ್ಟಿಲ್ಲ. ಇಂದೂ ಅವಳು ಬೆರಳಿನಿಂದ ಮಣ್ಣು ಸರಿಸಿ ನೋಡಿ ಮುಚ್ಚಿದಳು, ಥೇಟ್ ನಿನ್ನ ಹಾಗೆ. ಹುಟ್ಟದೇ ಹೋದರೂ ಹೋಗಬಹುದು, ನೀಲಾ. ಇರುವೆ ಹೊತ್ತೊಯ್ಯಬಹುದು, ಬಿಸಿಲು ಸುಡಬಹುದು. ಆಗ ಅತ್ತೆಯ ಮುಂದೆ, ಬೀದಿಯವರ ಮುಂದೆ ಮೊದಲು ಬಾಯಿ ಬಿಡುವವಳು ನಾನಾಗಬೇಕು — ಇದು ಕೈಯ ತಪ್ಪಲ್ಲ ಎಂದು.