ಧೈದಿನ ಬಯಲಲ್ಲಿ ಉಮ್ಮನ ಜೊತೆ

ನನ್ನ ತಾಯಿಯ, ಅಂದರೆ ಉಮ್ಮನ, ತಂದೆ ಬದುಕಿದ್ದಾರೋ ಸತ್ತಿದ್ದಾರೋ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯಾಗಿತ್ತು. ಅಜ್ಜಿ ತೀರಿಕೊಂಡ ದಿನ ಮಾತ್ರ ಒಬ್ಬರು ಕೇಳಿಬಿಟ್ಟರು. ಮಯ್ಯಿತ್ತಿಗೆ ಸ್ನಾನ ಮಾಡಿಸಲು ಬಂದಿದ್ದ ಹೆಂಗಸು ಅಜ್ಜಿಯ ಕಿವಿಯಿಂದ ಅಲಿಕತ್ತು ಬಿಚ್ಚುತ್ತಾ, "ಇವರ ಗಂಡ ಇದ್ದಾರಾ?" ಅಂದರು. ಕೋಣೆಯಲ್ಲಿದ್ದವರೆಲ್ಲ ಉಮ್ಮನ ಮುಖ ನೋಡಿದರು. ಉಮ್ಮ ಕೊಡ ಎತ್ತಿಕೊಂಡು ನೀರು ತರಲು ಹೋದರು.

ಅಜ್ಜ ಊರು ಬಿಟ್ಟಾಗ ಉಮ್ಮ ತೊಟ್ಟಿಲಿನ ಕೂಸು. ಎಮಿರೇಟ್ಸ್ ಆಗಿನ್ನೂ ಒಂದು ದೇಶವಾಗಿರಲಿಲ್ಲ. ವೀಸಾ, ವಿಮಾನ ಇವೆಲ್ಲ ನಮ್ಮಂಥ ಬ್ಯಾರಿ ಮನೆಗಳ ಕೈಗೆ ಎಟುಕುತ್ತಿರಲಿಲ್ಲ. ಬೊಂಬಾಯಿಯಿಂದ ಕದ್ದು ಲಾಂಚು ಹತ್ತಿದವರನ್ನು ಖೋರ್ ಫಕ್ಕಾನಿನ ಹತ್ತಿರ ಎದೆಮಟ್ಟದ ನೀರಿನಲ್ಲಿ ಇಳಿಸಿ ಲಾಂಚು ಹಿಂದೆ ತಿರುಗುತ್ತಿತ್ತು. ಅಲ್ಲಿಂದ ದುಬೈಗೆ ನಡಿಗೆ. ಮೊದಲು ಕಲ್ಲುಗುಡ್ಡಗಳು, ಆಮೇಲೆ ಬಯಲು, ಕೊನೆಗೆ ಮರಳು. ಕರಾವಳಿಯ ಎಷ್ಟೋ ಮನೆಗಳ ಮೊದಲ ತಲೆಮಾರು ಗಲ್ಫಿಗೆ ಬಂದದ್ದು ಆ ದಾರಿಯಲ್ಲೇ. ಈಗ ಅವರ ಮೊಮ್ಮಕ್ಕಳು ಅದನ್ನು ಕಾರಿನಲ್ಲಿ ದಾಟಿ ಕಡಲದಂಡೆಗೆ ಕೋಳಿ ಸುಡಲು ಹೋಗುತ್ತಾರೆ. ನಾವೂ ಹಾಗೆಯೇ ಹೋಗಿಬಂದವರು.

ಅಜ್ಜನ ಜೊತೆ ನಮ್ಮೂರಿನಿಂದ ಹೊರಟದ್ದು ಅವರ ಗೆಳೆಯ ಒಬ್ಬರೇ. ಆ ಗೆಳೆಯ ದುಬೈ ತಲುಪಿದರು, ಅಜ್ಜ ತಲುಪಲಿಲ್ಲ. ಗೆಳೆಯ ಮುಂದೆ ದುಬೈಯ ನೈಫ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟರು. ರಜೆಗೆ ಬಂದಾಗಲೆಲ್ಲ ತಮ್ಮ ಮನೆಗಿಂತ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ಅಜ್ಜಿಗೆ ಸೀರೆ, ಹಾಲಿನ ಪುಡಿಯ ಡಬ್ಬಿ, ತಲೆನೋವಿನ ಎಣ್ಣೆ ತರುತ್ತಿದ್ದರು. ಅವರು ಚಾವಡಿಯಲ್ಲಿ ಕುಳಿತು ಚಹಾ ಮುಗಿಸಿದ ಮೇಲೆ ಅಜ್ಜಿ ಬಾಗಿಲ ಮರೆಯಿಂದ ಒಂದೇ ಮಾತು ಕೇಳುತ್ತಿದ್ದರು: "ಆ ದಿನ ಹೇಗಾಯ್ತು ಅಂತ ಇನ್ನೊಂದು ಸಲ ಹೇಳಿ."

ಅವರು ಹೇಳುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಕೇಳಿದ್ದೇನೆ. "ಗುಡ್ಡ ಇಳಿದಾಗಿತ್ತು. ಧೈದ್ ಅಂತ ಊರು, ಅದರ ಖರ್ಜೂರದ ತೋಟ ಇನ್ನೂ ಸಿಕ್ಕಿರಲಿಲ್ಲ. ನಡುವೆ ಬರೀ ಮರಳು. ಕಾಲಿಟ್ಟರೆ ಮೊಣಕಾಲವರೆಗೆ ಹೂತು ಹೋಗ್ತಿತ್ತು. ಒಂದು ದಿಣ್ಣೆ ಹತ್ತಿದ್ರೆ ಇನ್ನೊಂದು ದಿಣ್ಣೆ. ಗಾಳಿ ಎದ್ದಿತು. ಎದುರಿದ್ದವ ಕಾಣುದಿಲ್ಲ. ಗಾಳಿ ನಿಂತಾಗ ಅವ ಇಲ್ಲ. ಕೂಗಿದೆವು, ಹುಡುಕಿದೆವು. ಮರಳು ನುಂಗಿತು ಅವನನ್ನು."

ಗಂಡ ಸತ್ತವರು ಕೂರುವ ಇದ್ದತ್ ಅಜ್ಜಿ ಕೂರಲಿಲ್ಲ. ಮರಳು ನುಂಗಿತು ಅಂದರೆ ಸತ್ತ ಅಂತಲ್ಲ, ದಾರಿ ತಪ್ಪಿದವನು ಎಲ್ಲಿಗೋ ಹೋಗಿ ಸೇರಿರಬಹುದು ಎಂದು ಅವರ ಲೆಕ್ಕ. ಬಣ್ಣದ ಸೀರೆ ಉಡುತ್ತಲೇ ಇದ್ದರು, ಅಲಿಕತ್ತು ತೆಗೆಯಲಿಲ್ಲ. ಅಜ್ಜಿಯೂ ಉಮ್ಮನೂ ಬೀಡಿ ಕಟ್ಟಿ ಬದುಕಿದರು. ಆ ಗೆಳೆಯರೂ ಮುಪ್ಪಾಗಿ ತೀರಿಕೊಂಡರು. ಆಮೇಲೆ ಕೇಳಲು ಯಾರೂ ಉಳಿಯಲಿಲ್ಲ.

ಕಳೆದ ಚಳಿಗಾಲ ಉಮ್ಮ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದರು. ನಾವಿರುವುದು ದುಬೈಯ ಸಿಲಿಕಾನ್ ಓಯಸಿಸ್‌ನ ಒಂದು ಫ್ಲಾಟಿನಲ್ಲಿ. ಮಾಲ್‌ಗೆ ಹೋಗುವ ಅಂದರೆ ಉಮ್ಮ ಬೇಡ ಅಂದರು. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿರುವ ನನ್ನ ತಮ್ಮ ಬಂದು ತನ್ನಲ್ಲಿಗೆ ಕರೆದ, ಅದಕ್ಕೂ ಹ್ಞೂಂ ಅನ್ನಲಿಲ್ಲ. ಒಂದು ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಾ ಇದ್ದಾಗ ಹಿಂದಿನಿಂದ ಬಂದು ನಿಂತರು. ಮನೆಯಲ್ಲಿ ನಾವು ಆಡುವುದು ಬ್ಯಾರಿ. ಅದನ್ನಿಲ್ಲಿ ಊರಿನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ.

"ಬಾಪ ನಡೆದ ದಾರಿಯಲ್ಲಿ ನನಗೆ ನಡೀಬೇಕು."

"ಯಾವ ದಾರಿ ಉಮ್ಮ? ಈಗ ಅಲ್ಲೆಲ್ಲ ಹೈವೇ. ಕಾರಲ್ಲಿ ಕರ್ಕೊಂಡು ಹೋಗ್ತೇನೆ."

"ಕಾರಲ್ಲಿ ಹೋದ್ರೆ ನೋಡಿದ ಹಾಗಾಗ್ತದೆ. ನಡೆದ ಹಾಗಾಗುದಿಲ್ಲ."

ಅವರಿಗೆ ಬೇಕಾಗಿದ್ದದ್ದು ಇಡೀ ದಾರಿ ಅಲ್ಲ. ಗುಡ್ಡ ಮುಗಿಯುವಲ್ಲಿಂದ ಧೈದಿನ ತೋಟದವರೆಗೆ, ಅಷ್ಟೇ. ಬ್ಯಾಗಿನಲ್ಲಿ ನಮಾಝಿನ ಬಿಳಿ ಕುಪ್ಪಾಯ ಇಟ್ಟುಕೊಂಡಿದ್ದರು. ಊರಿನ ಮಸೀದಿಯ ಮುಸ್ಲಿಯಾರರನ್ನು ಕೇಳಿಯೇ ಬಂದಿದ್ದರಂತೆ. ಇಷ್ಟು ಕಾಲವಾದ ಮೇಲೆ ಸತ್ತಿದ್ದಾರೆಂದು ತಿಳಿದು ಮಯ್ಯಿತ್ ನಮಾಝ್ ಮಾಡಬಹುದು ಎಂದು ಅವರು ಹೇಳಿದ್ದರು. "ಅಜ್ಜಿ ಇರುವವರೆಗೆ ಮಾಡ್ಲಿಕ್ಕೆ ಬಿಡ್ಲಿಲ್ಲ. ಇನ್ನು ನಾನು ಹೋಗುವ ಮೊದಲು ಅದೊಂದು ಮುಗಿಸ್ಬೇಕು. ಬಾಪನನ್ನು ನುಂಗಿದ ಮರಳಿನ ಮೇಲೆಯೇ ನಿಂತು ಮಾಡ್ತೇನೆ," ಅಂದರು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ನನ್ನ ಗಂಡ ನಮ್ಮಿಬ್ಬರನ್ನು ಗುಡ್ಡಗಳ ಬುಡದಲ್ಲಿ ಇಳಿಸಿದ. ಧೈದಿನ ಹತ್ತಿರ ಕಾದಿರುತ್ತೇನೆ, ಸಾಕಾದರೆ ಫೋನ್ ಮಾಡಿ ಎಂದು ಹೇಳಿ ಹೋದ. ಚಳಿಯ ಬಿಸಿಲು ಹಿತವಾಗಿತ್ತು. ಊರಿನಲ್ಲಿ ಬೀಡಿಯ ಬುಟ್ಟಿ ಹೊತ್ತು ಬೀಡಿ ಕೊಳ್ಳುವ ಬ್ರಾಂಚಿಗೆ ನಡೆದ ಕಾಲು ಉಮ್ಮನದು. ಬುರ್ಖಾದ ಕೆಳಗೆ ನನ್ನ ಮಗಳ ಸ್ಪೋರ್ಟ್ಸ್ ಶೂ ಹಾಕಿಕೊಂಡು ನನಗಿಂತ ಮುಂದೆ ಹೊರಟರು.

ಸ್ವಲ್ಪ ದೂರ ನಡೆದ ಮೇಲೆ ಅವರ ಹೆಜ್ಜೆ ನಿಧಾನವಾಯಿತು. ಕಾಲ ಕೆಳಗೆ ಗಟ್ಟಿ ನೆಲ. ಗುಡ್ಡಗಳಿಂದ ಎಂದೋ ಹರಿದು ಬಂದು ಹರಡಿಕೊಂಡ ಬೂದು ಬಣ್ಣದ ಕಲ್ಲುಗಳು, ಅವುಗಳ ನಡುವೆ ಒಣಗಿದ ಪೊದೆ, ಅಲ್ಲೊಂದು ಇಲ್ಲೊಂದು ಕೊಡೆಯಂಥ ಮುಳ್ಳುಮರ. ಒಂದು ದಿಣ್ಣೆಯೂ ಇಲ್ಲ. ರೊಟ್ಟಿ ತಟ್ಟಿದ ಹಾಗೆ ಸಪಾಟಾದ ಬಯಲು.

"ಮರಳು ಎಲ್ಲಿಂದ ಶುರುವಾಗ್ತದೆ?" ಎಂದು ಉಮ್ಮ ಕೇಳಿದರು.

ನಾನು ಫೋನಿನ ನಕ್ಷೆ ನೋಡಿದೆ. ಕೆಂಪು ಮರಳಿನ ದಿಣ್ಣೆಗಳು ಇರುವುದು ಧೈದ್ ದಾಟಿದ ಮೇಲೆ, ದುಬೈ ಕಡೆಗೆ. "ಮುಂದೆ ಸಿಗ್ತದೆ ಉಮ್ಮ," ಅಂದೆ.

"ತೋಟದ ಆಚೆಯಾ, ಈಚೆಯಾ?"

"ಆಚೆ."

ಅವರು ನಿಂತರು. ಹಿಂದೆ ತಿರುಗಿ ನೋಡಿದರು. ನಮ್ಮನ್ನು ಇಳಿಸಿದ ಜಾಗ, ಅಲ್ಲಿದ್ದ ತುಕ್ಕು ಹಿಡಿದ ನೀರಿನ ಟ್ಯಾಂಕು, ಅದರ ಪಕ್ಕ ಮೇಯುತ್ತಿದ್ದ ಆಡುಗಳು, ಎಲ್ಲ ಕಾಣುತ್ತಿತ್ತು. ಮುಂದೆ ನೋಡಿದರು. ತುಂಬ ದೂರದಲ್ಲಿ ಕಪ್ಪು ಗೆರೆ ಎಳೆದಂತೆ ಖರ್ಜೂರದ ತೋಟಗಳ ಸಾಲು. ಎಡಕ್ಕೆ, ಬಲಕ್ಕೆ ನೋಡಿದರು. ಒಂಟೆಗಳ ಹಿಂಡೊಂದು ಎಷ್ಟೋ ದೂರದಲ್ಲಿ ಹೋಗುತ್ತಿತ್ತು. ಅದರಲ್ಲಿ ಮರಿ ಯಾವುದು, ತಾಯಿ ಯಾವುದು ಎಂದು ಹೇಳಬಹುದಾಗಿತ್ತು.

"ಇಲ್ಲಿ ಮನುಷ್ಯ ಹೇಗೆ ಕಳೆದುಹೋಗ್ತಾನೆ?" ಅಂದರು.

ನನಗೂ ಅದೇ ಅನ್ನಿಸಿತ್ತು, ಹೇಳಲು ಧೈರ್ಯವಿರಲಿಲ್ಲ. "ಇಲ್ಲಿಯೂ ಧೂಳುಗಾಳಿ ಏಳ್ತದೆ ಉಮ್ಮ. ಎದ್ದರೆ ಏನೂ ಕಾಣುದಿಲ್ಲ. ನಾನೇ ನೋಡಿದ್ದೇನೆ."

"ಏಳಲಿ. ನಿಂತ ಮೇಲೆ?"

ಉಮ್ಮ ಕೈ ಚಾಚಿ ಬಯಲನ್ನು ತೋರಿಸಿದರು.

"ನಿಂತ ಮೇಲೆ ಕಾಣ್ತದಲ್ಲ ಮಗಾ. ಮಲಗಿದ್ದರೂ ಕಾಣ್ತದೆ, ಬಿದ್ದಿದ್ದರೂ ಕಾಣ್ತದೆ. ಅವರು ಹುಡುಕ್ಲಿಲ್ಲ. ಹುಡುಕಿದ್ರೆ ಬಾಪ ಸಿಗ್ತಿದ್ರು."

ಚಾವಡಿಯಲ್ಲಿ ಕುಳಿತು ಹಾಲಿನ ಪುಡಿಯ ಡಬ್ಬಿ ಮುಂದಿಡುತ್ತಿದ್ದ ಆ ಮನುಷ್ಯ ನನ್ನ ಕಣ್ಣ ಮುಂದೆ ಬಂದರು. ಪ್ರತಿ ಸಲವೂ ಅದೇ ಮಾತು, ಅದೇ ಕ್ರಮದಲ್ಲಿ, ಅದೇ ಕಡೆ ನಿಟ್ಟುಸಿರು. ಉಮ್ಮನ ಕಣ್ಣ ಮುಂದೆಯೂ ಅವರೇ ಬಂದಿರಬೇಕು. ಮುಖ ಕಪ್ಪಿಟ್ಟಿತ್ತು.

ಮತ್ತೆ ನಡೆದೆವು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಂದು ಬಿಳಿ ಪಿಕಪ್ ದಾರಿ ಬಿಟ್ಟು ಕಲ್ಲುಗಳ ಮೇಲೆ ಕುಣಿಯುತ್ತಾ ನಮ್ಮ ಕಡೆ ಬಂತು. ಓಡಿಸುತ್ತಿದ್ದವರು ವಯಸ್ಸಾದ ಅರಬ್, ನರೆತ ಗಡ್ಡ, ಪಕ್ಕದ ಸೀಟಿನಲ್ಲಿ ಒಂಟೆಗೆ ಹಾಕುವ ಹುಲ್ಲಿನ ಕಟ್ಟು. ಇಬ್ಬರು ಹೆಂಗಸರು ಬಯಲಲ್ಲಿ ನಡೆಯುವುದನ್ನು ತಮ್ಮ ಒಂಟೆಯ ಕೊಟ್ಟಿಗೆಯಿಂದಲೇ ಕಂಡು ಬಂದಿದ್ದರು.

"ಗಾಡಿ ಖರಾಬ್?" ಎಂದು ಕೇಳಿದರು.

ಇಲ್ಲ, ನಡೆಯಲೆಂದೇ ಬಂದೆವು ಅಂದೆ. ಅವರು ನಂಬಲಿಲ್ಲ. ನೀರಿನ ಬಾಟಲಿಗಳನ್ನೂ ಖರ್ಜೂರವನ್ನೂ ಕೊಟ್ಟು, ಉಮ್ಮನ ಕಡೆ ನೋಡಿ, ಹಜ್ಜಾ, ಅಂದರೆ ಈ ಹಿರಿಯಮ್ಮ, ಯಾಕೆ ಹೀಗೆ ದಣಿಯುತ್ತಿದ್ದಾರೆ ಅಂದರು. ನಾನು ಇಲ್ಲಿನ ಕಲಬೆರಕೆ ಹಿಂದಿಯಲ್ಲಿ ಹೇಳಿದೆ: ಇವರ ತಂದೆ ಎಷ್ಟೋ ವರ್ಷಗಳ ಹಿಂದೆ ಲಾಂಚಿನಿಂದ ಇಳಿದು ಇದೇ ದಾರಿಯಲ್ಲಿ ನಡೆದುಬಂದರು, ಇಲ್ಲೇ ಎಲ್ಲೋ ತೀರಿಹೋದರು.

ಅವರ ಮುಖ ಅರಳಿತು. ಆ ನಡೆದು ಬರುವವರನ್ನು ಅವರು ಹುಡುಗನಾಗಿದ್ದಾಗ ನೋಡಿದ್ದರು. ಹಿಂದಿಗಳು ಎಂದು ಇಲ್ಲಿ ಕರೆಯುವ ಭಾರತದವರು, ಪಾಕಿಸ್ತಾನಿಗಳು, ತಲೆಯ ಮೇಲೆ ಗಂಟು, ಕಾಲಿಗೆ ಬಟ್ಟೆ ಸುತ್ತಿಕೊಂಡವರು. ಗುಡ್ಡ ಇಳಿಯುವಾಗಲೇ ಕಾಣುತ್ತಿದ್ದರಂತೆ. ಯಾರಾದರೂ ಕುಸಿದು ಕುಳಿತರೆ ಈ ಹಿರಿಯರ ತಂದೆ ಒಂಟೆ ಹೊಡೆದುಕೊಂಡು ಹೋಗಿ ಕರೆತರುತ್ತಿದ್ದರು. ಹಾಲು ಕುಡಿಸಿ, ಏಳುವವರೆಗೆ ಇಟ್ಟುಕೊಂಡು ಕಳಿಸುತ್ತಿದ್ದರು. ಕೆಲವರು ಹೋಗಲೇ ಇಲ್ಲ, ಧೈದಿನ ತೋಟಗಳಲ್ಲಿ ಕೆಲಸಕ್ಕೆ ನಿಂತರು. ಒಬ್ಬಿಬ್ಬರು ಇಲ್ಲಿಯೇ ಮದುವೆಯಾದರು, ಮಕ್ಕಳಾದವು. ಇದನ್ನೆಲ್ಲ ಅವರು ತಮ್ಮ ಮನೆತನದ ಹೆಮ್ಮೆಯೆಂದು ಹೇಳುತ್ತಿದ್ದರು. ಉಮ್ಮನಿಗೆ ಸಮಾಧಾನವಾಗಲೆಂದು ಕೈಯನ್ನು ಅಡ್ಡಡ್ಡ ಬೀಸಿ, ಒತ್ತಿ ಹೇಳಿದರು:

"ಇದರ್ ಮೌತ್ ಮಾಫಿ, ಹಜ್ಜಾ. ಮಾಫಿ."

ಹಿಂದಿ ಬಾರದ ಉಮ್ಮನಿಗೆ ನಾನು ಅದನ್ನು ತಿರುಗಿಸಿ ಹೇಳಬೇಕಾಗಿ ಬರಲಿಲ್ಲ. ಮೌತ್ ಅಂದರೆ ಸಾವು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಾಫಿ ಅಂದರೆ ಇಲ್ಲ ಎಂದು ಉಮ್ಮ ನಮ್ಮ ಬೀದಿಯ ಗ್ರೋಸರಿಯಲ್ಲಿ ಕಲಿತಿದ್ದರು. ಇಲ್ಲಿ ಸಾವು ಇಲ್ಲ.

"ಉಳಿದದ್ದು ಎಂತ ಹೇಳಿದ್ರು?" ಎಂದು ಕೇಳಿದರು. ಹೇಳಿದೆ. ಮದುವೆಯ ಮಾತನ್ನು ಬಿಡೋಣ ಎಂದುಕೊಂಡಿದ್ದೆ, ಆದರೆ ಶಾದಿ ಎಂಬ ಮಾತು ಅವರ ಕಿವಿಗೆ ಬಿದ್ದಾಗಿತ್ತು. ಅದನ್ನೂ ಹೇಳಿದೆ.

ನಾನು ಆ ಹಿರಿಯರಿಗೆ ಅಜ್ಜನ ಹೆಸರು, ಊರು, ಚಹರೆ ಹೇಳಿದೆ. ಅವರು ಕಣ್ಣು ಮುಚ್ಚಿ ಯೋಚಿಸಿ, ಆ ಹೆಸರಿನವರು ಇಲ್ಲಿ ನೂರು ಜನ ಇದ್ದರು ಎಂದು ನಕ್ಕರು. ಆಗ ತೋಟಗಳಲ್ಲಿ ನಿಂತವರಲ್ಲಿ ಯಾರೂ ಈಗ ಉಳಿದಿಲ್ಲ, ತೋಟಗಳೂ ಕೈ ಬದಲಾಗಿವೆ. ದೇವರು ಒಳ್ಳೆಯದು ಮಾಡಲಿ ಎಂದು ಹರಸಿ ಪಿಕಪ್ ತಿರುಗಿಸಿದರು. ಅದು ಚುಕ್ಕೆಯಾಗಿ ಕೊಟ್ಟಿಗೆ ಸೇರುವವರೆಗೂ ನಮಗೆ ಕಾಣುತ್ತಲೇ ಇತ್ತು.

ಹತ್ತಿರದ ಮುಳ್ಳುಮರದ ನೆರಳಲ್ಲಿ ಉಮ್ಮ ಬಾಟಲಿಯ ನೀರಿನಲ್ಲಿ ಕೈಕಾಲು, ಮುಖ ತೊಳೆದು ವುಝೂ ಮಾಡಿದರು. ಬಿಳಿ ಕುಪ್ಪಾಯ ತೊಟ್ಟರು. ನಾನು ಮಕ್ಕಾದ ದಿಕ್ಕಿನ ಕಿಬ್ಲಾ ನೋಡಿ ಚಾಪೆ ಹಾಸಿಕೊಟ್ಟೆ. ಅವರು ನಿಂತರು, ಕೈಗಳನ್ನು ಹೆಗಲವರೆಗೆ ಎತ್ತಿದರು. ಎತ್ತಿದವರು ಹಾಗೆಯೇ ನಿಂತರು. ತುಟಿ ಅಲುಗಲಿಲ್ಲ. ಆಮೇಲೆ ಕೈ ಕೆಳಗೆ ಬಿತ್ತು.

"ಎಂತಾಯ್ತು ಉಮ್ಮ?"

"ನಿಯ್ಯತ್ ಬರುದಿಲ್ಲ."

ಇಂಥವರಿಗಾಗಿ ಈ ನಮಾಝ್ ಎಂದು ಮನಸ್ಸಿನಲ್ಲಿ ಮಾಡುವ ಸಂಕಲ್ಪವೇ ನಿಯ್ಯತ್, ಅದಿಲ್ಲದೆ ನಮಾಝ್ ಇಲ್ಲ. ನಾನು ಹತ್ತಿರ ಹೋದೆ. ಅವರು ಅಳುತ್ತಿರಲಿಲ್ಲ. ಚಾಪೆಯನ್ನೇ ನೋಡುತ್ತಿದ್ದರು.

"ಇದು ಸತ್ತವರಿಗೆ ಮಾಡುವ ನಮಾಝು. ಇಲ್ಲಿ ಸಾಯ್ಲಿಲ್ಲ ಅಂದ್ರೆ ಎಲ್ಲಿ ಸತ್ತದ್ದು? ಯಾರ ಮನೆಯಲ್ಲಿ? ಅಲ್ಲಿ ಯಾರಾದ್ರೂ ಮಾಡಿರಬಹುದಲ್ಲ ಅವರ ನಮಾಝು. ಅವರ ಮಕ್ಕಳು."

"ಆ ಪಿಕಪ್ಪಿನವರು ಸುಮ್ಮನೆ ಹೇಳಿದ್ದು ಉಮ್ಮ. ಇಲ್ಲಿಯೂ ಎಷ್ಟು ಜನ ಸತ್ತಿರ್ತಾರೆ, ಯಾರಿಗೆ ಗೊತ್ತು?"

"ಇರಬಹುದು. ಗೆಳೆಯರು ಬಿಟ್ಟು ಹೋದದ್ದೂ ಇರಬಹುದು, ಬಾಪನೇ ಇಲ್ಲಿ ಉಳಿದದ್ದೂ ಇರಬಹುದು. ಅಜ್ಜಿ ಕಾದದ್ದು ಯಾರನ್ನು?" ಕುಪ್ಪಾಯ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಮಡಚಿ ಬ್ಯಾಗಿಗೆ ಹಾಕಿದೆ. "ಮರಳು ನುಂಗಿದ್ದೇ ಇದ್ದಿದ್ರೆ ಒಳ್ಳೆದಿತ್ತು," ಅಂದರು.

ತೋಟಗಳು ಕಾಣುತ್ತಲೇ ಇದ್ದವು, ಎಷ್ಟು ನಡೆದರೂ ಹತ್ತಿರವಾಗಲಿಲ್ಲ. ಫೋನ್ ಮಾಡಲೇ ಎಂದು ಕೇಳಿದರೆ ಉಮ್ಮ ಬೇಡವೆಂದು ತಲೆಯಾಡಿಸಿದರು. ಬೇಲಿಗಳು ಬಂದವು, ಕಸ ಸುರಿದ ಜಾಗ ಬಂತು, ಟಯರುಗಳ ರಾಶಿ ಬಂತು. ಡಾಂಬರಿನ ಅಂಚಿಗೆ ಬಂದಾಗ ನನ್ನ ಗಂಡ ಪೇಪರ್ ಲೋಟಗಳಲ್ಲಿ ಕರಕ್ ಚಹಾ ಹಿಡಿದು ನಿಂತಿದ್ದ. "ಮುಗಿಯಿತಾ?" ಎಂದು ಕೇಳಿದ. ನಾನು ಕಣ್ಣಲ್ಲೇ ಸುಮ್ಮನಿರು ಎಂದೆ. ಧೈದಿನ ಪೇಟೆ ದಾಟುವಾಗ ಉಮ್ಮ ಕಿಟಕಿಯ ಗಾಜಿಗೆ ಹಣೆ ಒತ್ತಿ ಕುಳಿತು, ಮಸೀದಿಯಿಂದ ಹೊರಬರುತ್ತಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದರು. ತಮ್ಮ ವಯಸ್ಸಿನವರನ್ನು, ತಮಗಿಂತ ಚಿಕ್ಕವರನ್ನು.

ಮುಂದಿನ ವಾರ ನೈಫಿಗೆ ಕರೆದುಕೊಂಡು ಹೋಗು ಅಂದರು. ಅಜ್ಜನ ಗೆಳೆಯರ ಬಟ್ಟೆ ಅಂಗಡಿ ಇದ್ದಲ್ಲಿ ಈಗ ಅವರ ಮಗನ ಮೊಬೈಲ್ ಬಿಡಿಭಾಗಗಳ ಅಂಗಡಿ. ಆತ ಉಮ್ಮನನ್ನು ಕಂಡೊಡನೆ ಎದ್ದು ಸ್ಟೂಲು ಹಾಕಿ ಕೂರಿಸಿದ, ಜ್ಯೂಸ್ ತರಿಸಿದ. ಒಳಗಿದ್ದ ಗಿರಾಕಿಗಳಿಗೆ ಉಮ್ಮನ ಗುರುತು ಹೇಳುತ್ತಾ, "ಇವರ ಬಾಪ, ನಮ್ಮ ಬಾಪ ಒಟ್ಟಿಗೆ ನಡ್ಕೊಂಡು ಬಂದವರು ಗೊತ್ತುಂಟಾ? ಆಗ ವೀಸಾ ಇಲ್ಲ, ಗೀಸಾ ಇಲ್ಲ. ಮೊಣಕಾಲವರೆಗೆ ಮರಳು! ಬಿರುಗಾಳಿ! ಎದುರಿದ್ದವ ಕಾಣುದಿಲ್ಲ!" ಎಂದು ಶುರು ಮಾಡಿದ. ಅವನ ಬಾಪ ಹೇಳಿದ ಹಾಗೆಯೇ, ಅದೇ ಮಾತುಗಳಲ್ಲಿ ಕೊನೆಯವರೆಗೂ ಹೇಳಿದ. ಗಿರಾಕಿಗಳು ಅಯ್ಯೋ ಅಂದರು. ಈಗ ಉಮ್ಮ ಕೇಳುತ್ತಾರೆ, ಈಗ ಜಗಳವಾಗುತ್ತದೆ ಎಂದು ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಉಮ್ಮ ಜ್ಯೂಸ್ ಕುಡಿದು ಮುಗಿಸಿದರು. ಅವನ ಮಕ್ಕಳನ್ನು ವಿಚಾರಿಸಿದರು. ಎದ್ದು ಬಂದುಬಿಟ್ಟರು.

ಮೆಟ್ರೋದಲ್ಲಿ ಕೇಳಿದೆ, "ಯಾಕೆ ಏನೂ ಕೇಳ್ಲಿಲ್ಲ?"

"ಅವನಿಗೆಂತ ಗೊತ್ತು? ಅವನೂ ನನ್ನ ಹಾಗೆ ಕೇಳಿದ್ದನ್ನು ನಂಬಿದವ."

ವೀಸಾದ ಅವಧಿ ಇನ್ನೂ ಬಾಕಿ ಇತ್ತು. ಉಮ್ಮ ಟಿಕೆಟ್ ಮುಂಚೆಗೆ ಮಾಡಿಸಿಕೊಂಡು ಹೋದರು. ಊರಿನಲ್ಲಿ ಪ್ರತಿ ಗುರುವಾರ ಸಂಜೆಯ ಮಗ್ರಿಬ್ ನಮಾಝ್ ಆದ ಮೇಲೆ ಕುರ್‌ಆನಿನ ಯಾಸೀನ್ ಅಧ್ಯಾಯ ಓದಿ, ಪ್ರಯಾಣದಲ್ಲಿರುವವರಿಗಾಗಿ ಎಂದು ಬಾಪನ ಹೆಸರು ಹೇಳಿ ದುಆ ಮಾಡುವುದು ಅಜ್ಜಿಯಿಂದ ಅವರಿಗೆ ಬಂದ ರೂಢಿ. ಈಗ ಯಾಸೀನ್ ಓದುತ್ತಾರಂತೆ, ಆ ಹೆಸರು ಹೇಳುವುದಿಲ್ಲವಂತೆ. ಸತ್ತವರ ಸಾಲಿನಲ್ಲಿಯೂ ಹೇಳುವುದಿಲ್ಲ. ಉಮ್ಮನ ನೆರೆಯಲ್ಲಿರುವ ನನ್ನ ತಂಗಿ ಹೇಳಿದಳು.

ಈ ಚಳಿಗಾಲ ಮತ್ತೆ ಫೋನಿನಲ್ಲಿ ಕೇಳಿದೆ, ಬರ್ತೀರಾ ಉಮ್ಮ, ವೀಸಾ ಕಳಿಸಲಾ ಎಂದು. ಆ ಕಡೆಯಿಂದ ಬೀಡಿಯ ಎಲೆ ಕತ್ತರಿಸುವ ಸದ್ದು ಕೇಳುತ್ತಿತ್ತು.

"ಬೇಡ ಮಗಾ. ಅಲ್ಲಿ ನನಗೆಂತ ಉಂಟು?" ಅಂದರು. ಮಕ್ಕಳ ಪರೀಕ್ಷೆ ಯಾವಾಗ ಎಂದು ಕೇಳಿದರು. ಹೇಳಿದೆ. ಫೋನ್ ಇಟ್ಟರು.